ಉಳಿಸಿದ ಆರು ವಾರ ಯಾರ ಲೆಕ್ಕಕ್ಕೆ?

ರಾಯಚೂರು ನಗರದಲ್ಲಿ ಮುಖ್ಯ ಕಚೇರಿ, ದೇವದುರ್ಗ ಮತ್ತು ಮಾನ್ವಿಯಲ್ಲಿ ಶಾಖೆಗಳಿರುವ ಒಂದು ಸೌಹಾರ್ದ ಸಹಕಾರಿ ಸಂಘಕ್ಕೆ ನಾನು ತಾಂತ್ರಿಕ ಕೆಲಸ ಮಾಡಿಕೊಡುತ್ತೇನೆ. ಇಷ್ಟು ವರ್ಷ ಮೂರು ಊರಿನಲ್ಲಿ ಮೂರು ಕಂಪ್ಯೂಟರು, ಮೂರು ಲೆಕ್ಕ. ಇನ್ನು ಮುಂದೆ ಎಲ್ಲವೂ ರಾಯಚೂರಿನ ಒಂದೇ ಅಪ್ಲಿಕೇಷನ್ ಸರ್ವರಿನ ಮೇಲೆ ನಡೆಯಬೇಕೆಂದು ತೀರ್ಮಾನವಾಗಿದೆ. ಅಪ್ಲಿಕೇಷನ್ ಸರ್ವರ್ ಎಂದರೆ ಕಚೇರಿಯ ಹೆಡ್ ಕ್ಲರ್ಕ್ ಇದ್ದಂತೆ. ಕೌಂಟರಿನಿಂದ ಬಂದ ಬೇಡಿಕೆಯನ್ನು ತೆಗೆದುಕೊಳ್ಳುವುದು, ಕೇಳಿದವರಿಗೆ ಅಧಿಕಾರ ಇದೆಯೇ ನೋಡುವುದು, ಡೇಟಾಬೇಸಿನಿಂದ ಲೆಕ್ಕ ತರಿಸುವುದು, ಉತ್ತರ ಕಳಿಸುವುದು, ಇಷ್ಟೂ ಅದರ ಕೆಲಸ. ಅದು ಕೂತಲ್ಲೇ ಕೂತುಬಿಟ್ಟರೆ ಮೂರೂ ಊರಿನ ಕೌಂಟರು ಒಟ್ಟಿಗೆ ನಿಲ್ಲುತ್ತವೆ.

ಅದಕ್ಕೇ ಸಾಫ್ಟ್‌ವೇರ್ ಹಾಕುವ ಮುನ್ನ ಆರು ವಾರದ ಸಿದ್ಧತೆ ಬೇಕೆಂದು ಯೋಜನೆ ಬರೆದುಕೊಟ್ಟೆ. ಅದನ್ನು ವಿರೋಧಿಸಿ ಕೆಲವರು ಒಂದು ಪತ್ರ ಹಂಚಿದ್ದಾರೆ. ಅದರಲ್ಲಿ ಏಳು ವಾದಗಳಿವೆ. ಒಂದನ್ನೂ ಬಿಡದೆ ಎತ್ತಿಕೊಳ್ಳುತ್ತೇನೆ. ಎರಡೂ ಕಡೆಯ ಮಾತು ಸದಸ್ಯರ ಮುಂದಿರಲಿ, ತೀರ್ಪು ಅವರದು.

ಮೊದಲನೆಯ ವಾದ: ಸಾಫ್ಟ್‌ವೇರ್ ಹಾಕುವುದು ಅರ್ಧ ದಿನದ ಕೆಲಸ, ಅದಕ್ಕೆ ಯೋಜನೆ ಯಾಕೆ?

ಅರ್ಧ ದಿನವೂ ಬೇಡ, ಒಂದು ತಾಸು ಸಾಕು. ಆದರೆ ಆ ಒಂದು ತಾಸಿನಲ್ಲಿ ಪರದೆ ಪ್ರಶ್ನೆ ಕೇಳುತ್ತಾ ಹೋಗುತ್ತದೆ. ಜಾವಾದ ಯಾವ ಆವೃತ್ತಿ? ಯಾವ ಪೋರ್ಟು? ಯಾವ ಬಳಕೆದಾರನ ಹೆಸರಿನಲ್ಲಿ ಓಡಬೇಕು? ಡೇಟಾಬೇಸಿಗೆ ಎಷ್ಟು ಸಂಪರ್ಕ ತೆರೆಯಬೇಕು? ಲಾಗ್ ಯಾವ ಡಿಸ್ಕಿಗೆ ಹೋಗಬೇಕು? ‘ನೆಕ್ಸ್ಟ್’ ಒತ್ತುತ್ತಾ ಹೋದವರು ಈ ಪ್ರಶ್ನೆಗಳಿಂದ ಪಾರಾಗುವುದಿಲ್ಲ. ಲೋಕಕ್ಕೆಲ್ಲ ಒಂದೇ ಎಂದು ತಯಾರಕರು ಇಟ್ಟ ಉತ್ತರಕ್ಕೆ ಓದದೆ ಸಹಿ ಹಾಕುತ್ತಾರೆ, ಅಷ್ಟೇ. ವೆಬ್‌ಲಾಜಿಕ್ 7001ರಲ್ಲಿ, ವೆಬ್‌ಸ್ಫಿಯರ್ 9080ರಲ್ಲಿ, ಟಾಮ್‌ಕ್ಯಾಟ್ 8080ರಲ್ಲಿ ಕೂರುತ್ತದೆ ಎಂಬುದು ನಮಗೆ ಗೊತ್ತಿರುವಷ್ಟೇ ಕಳ್ಳರಿಗೂ ಗೊತ್ತು.

ಒಂದು ಲೆಕ್ಕ ನೋಡಿ. ನಾವು ಆರಿಸಿರುವ ಡೇಟಾಬೇಸ್ ಪೋಸ್ಟ್‌ಗ್ರೆಸ್. ಏನೂ ಬದಲಿಸದೆ ಹಾಕಿದರೆ ಅದು ಒಂದು ಹೊತ್ತಿಗೆ 100 ಸಂಪರ್ಕಗಳಿಗೆ ಮಾತ್ರ ಅವಕಾಶ ಕೊಡುತ್ತದೆ. ನಮ್ಮಲ್ಲಿ ಎರಡು ಯಂತ್ರಗಳ ಮೇಲೆ ಅಪ್ಲಿಕೇಷನ್ ಸರ್ವರಿನ ನಾಲ್ಕು ಪ್ರತಿಗಳು ಓಡಬೇಕು. ಒಂದೊಂದಕ್ಕೆ 30 ಸಂಪರ್ಕ ಎಂದು ಬರೆದರೆ ಒಟ್ಟು 120. ಐದು ಜನ ಕೂತು ಪರೀಕ್ಷೆ ಮಾಡುವ ದಿನ ಈ ತಪ್ಪು ಕಾಣುವುದಿಲ್ಲ, ಎಲ್ಲ ಚೆನ್ನಾಗಿದೆ ಎಂದು ವರದಿ ಬರುತ್ತದೆ. ಬಿತ್ತನೆಯ ಹೊತ್ತಿಗೆ ಮೂರೂ ಊರಿನಲ್ಲಿ ಪಾಳಿ ಹಚ್ಚಿ ನಿಂತ ದಿನ ನೂರರ ಗಡಿ ಮುಟ್ಟುತ್ತದೆ, ಆಮೇಲೆ ಬಂದವರಿಗೆಲ್ಲ ಬಾಗಿಲು ಬಂದ್. ಎರಡು ಸಂಖ್ಯೆ ಗುಣಿಸಿ ನೋಡುವುದಕ್ಕೇ ನಾನು ಯೋಜನೆ ಎನ್ನುವುದು. ಆ ಗುಣಾಕಾರವನ್ನು ಮುಂಚೆ ಮಾಡಬೇಕೋ, ಪಾಳಿಯ ಎದುರಿಗೆ ನಿಂತು ಮಾಡಬೇಕೋ? ವಿರೋಧಿಗಳ ಪತ್ರ ಈ ಪ್ರಶ್ನೆಯ ಹತ್ತಿರವೂ ಬಂದಿಲ್ಲ.

ಎರಡನೆಯ ವಾದ: ದೊಡ್ಡ ಯಂತ್ರ ಕೊಂಡರೆ ಮುಗಿಯಿತು, ಲೆಕ್ಕಾಚಾರದ ಗೊಡವೆ ಬೇಡ.

ದೊಡ್ಡ ಯಂತ್ರ ಎಂದರೆ ಎಷ್ಟು ದೊಡ್ಡದು? ಲೆಕ್ಕಾಚಾರ ಬೇಡ ಎಂದವರು ಇದಕ್ಕೆ ಉತ್ತರ ಕೊಡಲಾರರು, ಏಕೆಂದರೆ ಉತ್ತರಕ್ಕೆ ಲೆಕ್ಕಾಚಾರ ಬೇಕು. ಅದೇನೂ ಕಠಿಣವಲ್ಲ. ಜಾನ್ ಲಿಟ್ಲ್ ಎಂಬ ವಿದ್ವಾಂಸರು 1961ರಲ್ಲಿ ಸಾಧಿಸಿ ತೋರಿಸಿದ ಒಂದು ಸೂತ್ರವಿದೆ. ಸೆಕೆಂಡಿಗೆ ಎಷ್ಟು ಬೇಡಿಕೆ ಬರುತ್ತದೋ ಅದನ್ನು ಒಂದೊಂದಕ್ಕೆ ಹಿಡಿಯುವ ಸೆಕೆಂಡುಗಳಿಂದ ಗುಣಿಸಿದರೆ, ಒಂದು ಹೊತ್ತಿಗೆ ಒಳಗೆ ಎಷ್ಟು ಬೇಡಿಕೆ ಇರುತ್ತವೆ ಎಂಬುದು ಸಿಗುತ್ತದೆ. ಸಂಜೆ ಐದರ ಮೇಲೆ ಪಿಗ್ಮಿ ಸಂಗ್ರಾಹಕರೆಲ್ಲ ಅಂದಿನ ವಸೂಲಿಯನ್ನು ಒಟ್ಟಿಗೆ ಕಳಿಸುತ್ತಾರೆ. ಸೆಕೆಂಡಿಗೆ 10 ಬೇಡಿಕೆ ಎಂದಿಟ್ಟುಕೊಳ್ಳಿ. ಒಂದೊಂದಕ್ಕೆ ಅರ್ಧ ಸೆಕೆಂಡಾದರೆ ಒಳಗಿರುವುದು 5. ಅದೇ ಹೊತ್ತಿಗೆ ಯಾರೋ ವರ್ಷದ ವರದಿಯೊಂದನ್ನು ತೆಗೆಯಲು ಹೋಗಿ ಡೇಟಾಬೇಸ್ ನಿಧಾನವಾಗಿ, ಒಂದೊಂದಕ್ಕೆ 4 ಸೆಕೆಂಡಾದರೆ ಒಳಗಿರುವುದು 40. ಮೆಮೊರಿ ದುಪ್ಪಟ್ಟು ಮಾಡಿದ್ದರಿಂದ ಆ ವರದಿ ಬೇಗ ಮುಗಿಯುತ್ತದೆ ಎಂಬ ಭರವಸೆ ಇಲ್ಲ. ಮುಗಿಸಬಹುದಾದದ್ದು ಸರಿಯಾದ ಇಂಡೆಕ್ಸು, ಇಲ್ಲವೇ ವರದಿಯನ್ನು ರಾತ್ರಿಗೆ ಹಾಕುವ ನಿರ್ಧಾರ. ಎರಡೂ ಅಂಗಡಿಯಲ್ಲಿ ಸಿಗುವುದಿಲ್ಲ.

ಇನ್ನೊಂದು ಮಾತನ್ನು ಪತ್ರ ಮುಚ್ಚಿಟ್ಟಿದೆ. ಅದರ ಕೊನೆಯ ಪುಟದಲ್ಲಿ ವೆಬ್‌ಲಾಜಿಕ್ ಕೊಳ್ಳೋಣ ಎಂಬ ಶಿಫಾರಸು ಇದೆ. ವೆಬ್‌ಲಾಜಿಕ್ ಪರವಾನಗಿಯ ದರ ಸಾಮಾನ್ಯವಾಗಿ ಪ್ರೊಸೆಸರುಗಳನ್ನು ಎಣಿಸಿ ಬೀಳುತ್ತದೆ. ಯಂತ್ರ ದೊಡ್ಡದಾದಷ್ಟೂ ಪರವಾನಗಿಯ ಬಿಲ್ಲೂ ದೊಡ್ಡದು. ಖರ್ಚು ಉಳಿಸಬೇಕು ಎಂದು ಮೂರು ಕಡೆ ಬರೆದವರು, ಒಂದೇ ಸಲಹೆಯಿಂದ ಖರ್ಚು ಎರಡು ಕಡೆ ಏರುವುದನ್ನು ಗಮನಿಸಲೇ ಇಲ್ಲ.

ಮೂರನೆಯ ವಾದ: ದೇವದುರ್ಗದಲ್ಲಿ ನೆಟ್ ಇರುವುದಿಲ್ಲ, ಕರೆಂಟ್ ಹೋಗುತ್ತದೆ. ಇದಕ್ಕೆ ಯಾವ ಯೋಜನೆ ಏನು ಮಾಡೀತು?

ಈ ವಾದವನ್ನು ಮೊದಲನೆಯದರ ಪಕ್ಕದಲ್ಲಿಟ್ಟು ಓದಿ. ಅಲ್ಲಿ ಕೆಲಸ ತೀರ ಸುಲಭ, ಆದ್ದರಿಂದ ಯೋಜನೆ ಬೇಡ. ಇಲ್ಲಿ ಕೆಲಸ ನಮ್ಮ ಕೈ ಮೀರಿದ್ದು, ಆದ್ದರಿಂದ ಯೋಜನೆ ಬೇಡ. ಎರಡೂ ಒಟ್ಟಿಗೆ ನಿಜವಾಗಲು ಸಾಧ್ಯವಿಲ್ಲ. ಬೇಡ ಎಂಬ ತೀರ್ಮಾನ ಮೊದಲು ಬಂದಿದೆ, ಕಾರಣಗಳು ಅದರ ಹಿಂದೆ ಬಂದಿವೆ.

ತಂತಿ ನೆಚ್ಚಿಕೆಯದಲ್ಲ ಎಂಬುದೇ ಯೋಜನೆಗೆ ಇರುವ ಅತಿ ಬಲವಾದ ಕಾರಣ. ಏನಾಗುತ್ತದೆ ನೋಡಿ. ದೇವದುರ್ಗದ ಕೌಂಟರಿನಲ್ಲಿ ಸದಸ್ಯರೊಬ್ಬರು ಸಾಲದ ಕಂತಿನ 5,000 ರೂಪಾಯಿ ಕೊಡುತ್ತಾರೆ. ಗುಮಾಸ್ತ ನೋಟು ಎಣಿಸಿ, ಮೊತ್ತ ಬರೆದು, ಗುಂಡಿ ಒತ್ತುತ್ತಾನೆ. ಬೇಡಿಕೆ ರಾಯಚೂರು ಮುಟ್ಟಿದೆ, ಲೆಕ್ಕ ಬರೆದಾಗಿದೆ. ಉತ್ತರ ಹಿಂದಿರುಗುವ ದಾರಿಯಲ್ಲಿ ನೆಟ್ ಕಡಿದುಹೋಗುತ್ತದೆ. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇದೆ. ಗುಮಾಸ್ತ ಮತ್ತೆ ಒತ್ತುತ್ತಾನೆ. ಈಗ ಖಾತೆಯಲ್ಲಿ ಎರಡು ಜಮಾ, ಗಲ್ಲಾಪೆಟ್ಟಿಗೆಯಲ್ಲಿ ಒಂದೇ. ಸಂಜೆ ಲೆಕ್ಕ ಕೂಡುವುದಿಲ್ಲ, ರಾತ್ರಿ ಎಂಟಾದರೂ ಗುಮಾಸ್ತ ಮನೆಗೆ ಹೋಗುವುದಿಲ್ಲ. ಪ್ರತಿ ವ್ಯವಹಾರಕ್ಕೂ ಕೌಂಟರಿನಲ್ಲೇ ಒಂದು ಗುರುತಿನ ಸಂಖ್ಯೆ ಹುಟ್ಟಿಸಿ, ಅದೇ ಸಂಖ್ಯೆ ಎರಡನೇ ಸಲ ಬಂದರೆ ಸರ್ವರ್ ಹೊಸದಾಗಿ ಬರೆಯದೆ ಹಳೆಯ ರಸೀದಿಯನ್ನೇ ಮರಳಿಸುವಂತೆ ಮಾಡಿದರೆ ಈ ತೊಂದರೆಯೇ ಇಲ್ಲ. ನೆಟ್ ಕಡಿಯುವುದನ್ನು ತಪ್ಪಿಸುವುದು ನಮ್ಮ ಕೈಯಲ್ಲಿಲ್ಲ ಎಂಬುದು ನಿಜ. ಕಡಿದಾಗ ಲೆಕ್ಕ ಕೆಡದಂತೆ ನೋಡಿಕೊಳ್ಳುವುದು ಪೂರ್ತಿ ನಮ್ಮ ಕೈಯಲ್ಲಿದೆ.

ಕರೆಂಟಿನ ಮಾತೂ ಹಾಗೆಯೇ. ನಾನು ಹಿಂದೆ ಕೆಲಸ ಮಾಡಿದ ಒಂದು ಕಚೇರಿಯಲ್ಲಿ ಸರ್ವರಿಗೆ ಎರಡು ತಾಸಿನ ಯುಪಿಎಸ್ ಇತ್ತು. ಎಸಿಯನ್ನು ಮಾತ್ರ ನೇರ ಕರೆಂಟಿಗೆ ಕೊಟ್ಟಿದ್ದರು. ಮೇ ತಿಂಗಳ ರಾಯಚೂರಿನ ಬಿಸಿಲು ಗೊತ್ತಿದ್ದವರಿಗೆ ಮುಂದಿನದನ್ನು ಹೇಳಬೇಕಿಲ್ಲ. ಮಧ್ಯಾಹ್ನ ಕರೆಂಟ್ ಹೋಯಿತು, ಯುಪಿಎಸ್ ತನ್ನ ಕೆಲಸ ಮಾಡಿತು, ಸರ್ವರ್ ಓಡುತ್ತಲೇ ಇತ್ತು, ಎಸಿ ನಿಂತಿತು. ಮುಚ್ಚಿದ ಕೋಣೆಯಲ್ಲಿ ಯಂತ್ರ ತನ್ನದೇ ಬಿಸಿಯಲ್ಲಿ ಬೆಂದು, ಬ್ಯಾಟರಿ ಅರ್ಧ ಉಳಿದಿರುವಾಗಲೇ ತನ್ನಷ್ಟಕ್ಕೆ ಆರಿಹೋಯಿತು. ಸರ್ವರ್ ಒಳಗೆಳೆಯುವ ಗಾಳಿ 18ರಿಂದ 27 ಡಿಗ್ರಿಯೊಳಗೆ ಇರಲಿ ಎಂಬುದು ಈ ಕೆಲಸದ ಸಾಮಾನ್ಯ ಶಿಫಾರಸು. ಎಸಿಯನ್ನು ಜನರೇಟರಿಗೆ ಜೋಡಿಸಿ ಎಂಬ ಒಂದು ಸಾಲು ಯೋಜನೆಯಲ್ಲಿ ಇದ್ದಿದ್ದರೆ ಆ ಮಧ್ಯಾಹ್ನ ಉಳಿಯುತ್ತಿತ್ತು. ನನ್ನ ಈಗಿನ ಯೋಜನೆಯಲ್ಲಿ ಆ ಸಾಲು ಇದೆ. ಅದನ್ನು ಅನಗತ್ಯ ವಿವರ ಎಂದು ಪತ್ರ ಕರೆದಿದೆ.

ನಾಲ್ಕನೆಯ ವಾದ: ಹಳೆಯ ಲೆಕ್ಕವನ್ನು ಹೊಸದಕ್ಕೆ ಸಾಗಿಸುವುದು ಒಂದು ರಾತ್ರಿಯ ಕಾಪಿ ಕೆಲಸ.

ಸಂಖ್ಯೆಗಳ ಮಟ್ಟಿಗೆ ಹಾಗೆಂದುಕೊಳ್ಳಬಹುದು. ಹೆಸರುಗಳ ಮಟ್ಟಿಗೆ ಇದು ತಪ್ಪು, ಕನ್ನಡದ ಹೆಸರುಗಳ ಮಟ್ಟಿಗಂತೂ ದೊಡ್ಡ ತಪ್ಪು. ನಮ್ಮ ಶಾಖೆಗಳ ಹಳೆಯ ತಂತ್ರಾಂಶ ಸದಸ್ಯರ ಹೆಸರುಗಳನ್ನು ಹಳೆಯ ನುಡಿ ಫಾಂಟಿನಲ್ಲಿ ಇಟ್ಟುಕೊಂಡಿದೆ. ಅಂದರೆ ಕಂಪ್ಯೂಟರಿನ ಒಳಗೆ ಇರುವುದು ಇಂಗ್ಲಿಷ್ ಮತ್ತಿತರ ಚಿಹ್ನೆಗಳು, ಫಾಂಟು ಅವುಗಳಿಗೆ ಕನ್ನಡದ ಚೂರುಗಳ ವೇಷ ತೊಡಿಸಿ ಪರದೆಗೆ ತರುತ್ತದೆ. ಹೊಸ ಸರ್ವರ್ ಯೂನಿಕೋಡ್ ಕೇಳುತ್ತದೆ. ಹಾಗೇ ಕಾಪಿ ಮಾಡಿದರೆ ಸದಸ್ಯರ ಹೆಸರಿನ ಜಾಗದಲ್ಲಿ ಯಾರಿಗೂ ಓದಲಾಗದ ಚಿಹ್ನೆಗಳ ಸಾಲು ಬಂದು ಕೂರುತ್ತದೆ. ಪರಿವರ್ತಿಸಿದರೂ ಒತ್ತಕ್ಷರ, ಅರ್ಕಾವತ್ತು ಬಂದಲ್ಲಿ ಎಡವುವುದುಂಟು. ಅದನ್ನು ಮನುಷ್ಯರ ಕಣ್ಣೇ ಹಿಡಿಯಬೇಕು.

ಅಷ್ಟಕ್ಕೇ ಮುಗಿಯಲಿಲ್ಲ. ಯೂನಿಕೋಡಿನ ಯುಟಿಎಫ್-8 ಬಗೆಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು ಬೇಕು. ಮಲ್ಲಿಕಾರ್ಜುನ ಎಂಬ ಹೆಸರನ್ನು ಎಣಿಸೋಣ. ವ್ಯಂಜನ, ಗುಣಿತದ ಚಿಹ್ನೆ, ಹಲಂತ ಎಲ್ಲ ಸೇರಿ 12 ಸಂಕೇತಗಳು, ಅಂದರೆ 36 ಬೈಟು. ವಿರೋಧಿಗಳ ಸಲಹೆಗಾರರು ಕೊಟ್ಟಿರುವ ಕರಡು ನಕ್ಷೆಯಲ್ಲಿ ಹೆಸರಿನ ಕಾಲಮ್ಮಿಗೆ ಇರುವುದು 30 ಬೈಟು. ತಂದೆಯ ಹೆಸರು, ಅಡ್ಡಹೆಸರು ದೂರವೇ ಉಳಿಯಿತು, ಬರೀ ಮಲ್ಲಿಕಾರ್ಜುನ ಎಂಬುದೇ ಅದರಲ್ಲಿ ಹಿಡಿಸುವುದಿಲ್ಲ. ಮಾನ್ವಿಯಲ್ಲಿ, ದೇವದುರ್ಗದಲ್ಲಿ ಮಲ್ಲಿಕಾರ್ಜುನ ಎಂಬ ಹೆಸರಿನವರು ಎಷ್ಟು ಮಂದಿ ಎಂದು ನಾನು ಹೇಳಬೇಕೆ? ಸದಸ್ಯರ ಹೆಸರನ್ನೇ ಹಿಡಿಸಲಾಗದ ನಕ್ಷೆಯನ್ನು ಕೈಯಲ್ಲಿ ಹಿಡಿದು ಒಂದು ರಾತ್ರಿ ಸಾಕು ಎನ್ನುವವರು ಆ ನಕ್ಷೆಯನ್ನು ಓದಿಲ್ಲ.

ಐದನೆಯ ವಾದ: ಪರೀಕ್ಷೆಗೆಂದು ಇನ್ನೊಂದು ಯಂತ್ರ ಇಡುವುದು ದಂಡದ ಖರ್ಚು.

ಇದೇ ಪತ್ರದ ಇನ್ನೊಂದು ಕಡೆ, ಭದ್ರತೆಯ ತಿದ್ದುಪಡಿಗಳನ್ನು ಬಂದ ಕೂಡಲೇ ಹಾಕಬೇಕು ಎಂಬ ಒತ್ತಾಯವಿದೆ. ಒಳ್ಳೆಯ ಒತ್ತಾಯ. ಎಲ್ಲಿ ಹಾಕಿ ನೋಡುವುದು? 2021ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆ ಎಂಬ ಜಾವಾ ಭಾಗದಲ್ಲಿ ಭಾರಿ ತೂತು ಬಯಲಾಯಿತು. ಲಾಗ್ ಬರೆಯುವುದಷ್ಟೇ ಅದರ ಕೆಲಸವಾದರೂ ಲೋಕದ ಅಸಂಖ್ಯ ಸರ್ವರುಗಳ ಹೊಟ್ಟೆಯಲ್ಲಿ ಅದು ಇತ್ತು. ಮೊದಲು 2.15 ಆವೃತ್ತಿ ಬಂತು, ಅದು ಸಾಲದೆಂದು 2.16, ಆಮೇಲೆ 2.17, ತಿಂಗಳು ಮುಗಿಯುವ ಮುನ್ನ 2.17.1. ಒಂದೇ ತಿಂಗಳಲ್ಲಿ ನಾಲ್ಕು ತಿದ್ದುಪಡಿ. ಪರೀಕ್ಷಾ ಯಂತ್ರ ಇಲ್ಲದ ಸಂಸ್ಥೆಗೆ ಅಂಥ ತಿಂಗಳಲ್ಲಿ ಎರಡೇ ದಾರಿ: ತೂತನ್ನು ಹಾಗೇ ಬಿಡುವುದು, ಇಲ್ಲವೇ ಸದಸ್ಯರ ಹಣದ ಲೆಕ್ಕ ಓಡುತ್ತಿರುವ ಯಂತ್ರದ ಮೇಲೇ ನಾಲ್ಕು ಸಲ ಪ್ರಯೋಗ ಮಾಡುವುದು. ಎರಡರಲ್ಲಿ ಯಾವುದನ್ನು ಆರಿಸಿಕೊಳ್ಳುತ್ತೀರಿ ಎಂದು ಸಭೆಯಲ್ಲಿ ಕೇಳಿದೆ. ಉತ್ತರ ಬರಲಿಲ್ಲ, ಖರ್ಚಿನ ಮಾತೇ ಮತ್ತೆ ಬಂತು. ಆ ಖರ್ಚೂ ಅವರು ಹೇಳಿದಷ್ಟಿಲ್ಲ. ಪರೀಕ್ಷಾ ಯಂತ್ರ ಮುಖ್ಯ ಯಂತ್ರದಷ್ಟು ದೊಡ್ಡದಿರಬೇಕಿಲ್ಲ. ಆವೃತ್ತಿಗಳು ಅವೇ ಇರಬೇಕು, ಜೋಡಣೆ ಅದೇ ಇರಬೇಕು, ಗಾತ್ರ ಕಾಲು ಭಾಗವಾದರೂ ನಡೆಯುತ್ತದೆ.

ಆರನೆಯ ವಾದ: ಕ್ಲೌಡಿಗೆ ಹಾಕಿಬಿಡಿ, ಇಲ್ಲವೇ ಎಲ್ಲವನ್ನೂ ಮಾರಾಟಗಾರರಿಗೇ ವಹಿಸಿಬಿಡಿ.

ಕ್ಲೌಡ್ ನನಗೆ ವರ್ಜ್ಯವಲ್ಲ. ಅಮೆಜಾನಿನ ಕ್ಲೌಡ್ ಕೇಂದ್ರಗಳು 2022ರಿಂದ ಹೈದರಾಬಾದಿನಲ್ಲೇ ಇವೆ, ರಾಯಚೂರಿಗೆ ಅದು ಬೆಂಗಳೂರಿಗಿಂತ ಹತ್ತಿರ. ಆದರೆ ಕ್ಲೌಡು ಕೊಡುವುದು ಯಂತ್ರ, ಕರೆಂಟು, ತಂಪು. ಸಂಪರ್ಕ 100 ಬೇಕೋ 120 ಬೇಕೋ, ಹೆಸರಿನ ಕಾಲಮ್ಮು ಎಷ್ಟು ಬೈಟು, ಎರಡು ಸಲ ಒತ್ತಿದ ಗುಂಡಿಗೆ ಒಂದೇ ರಸೀದಿ ಹೇಗೆ, ಯಾರಿಗೆ ಯಾವ ಅಧಿಕಾರ, ಈ ಯಾವ ಪ್ರಶ್ನೆಯೂ ಹೈದರಾಬಾದಿಗೆ ಹೋದ ಮಾತ್ರಕ್ಕೆ ಕರಗುವುದಿಲ್ಲ. ದೇವದುರ್ಗದ ಕೌಂಟರಿನಿಂದ ಹೊರಡುವ ತಂತಿಯೂ ಹಾಗೇ ಉಳಿಯುತ್ತದೆ. ಇನ್ನು ಮಾರಾಟಗಾರರ ವಿಷಯ. ಅವರ ಒಪ್ಪಂದದ ಕರಡನ್ನು ವಿರೋಧಿಗಳೇ ಪತ್ರಕ್ಕೆ ಲಗತ್ತಿಸಿದ್ದಾರೆ. ಸ್ಥಳದ ಸಿದ್ಧತೆ, ಸಂಪರ್ಕ, ಹಳೆಯ ದತ್ತಾಂಶದ ಶುದ್ಧತೆ ಗ್ರಾಹಕರ ಹೊಣೆ ಎಂದು ಅದರಲ್ಲಿ ಸ್ಪಷ್ಟವಾಗಿದೆ. ಗ್ರಾಹಕರು ಅಂದರೆ ನಾವು. ಹೊಣೆಯನ್ನು ಅವರಿಗೆ ಒಪ್ಪಿಸಿ ನಿಶ್ಚಿಂತರಾಗೋಣ ಎಂದವರು, ಹೊಣೆ ನಿಮ್ಮದೇ ಎಂದು ಅವರು ಬರೆದುಕೊಟ್ಟ ಕಾಗದವನ್ನೇ ಸಾಕ್ಷಿಗೆ ತಂದಿದ್ದಾರೆ.

ಏಳನೆಯ ವಾದ: ಮೂರೂ ಊರಿನಲ್ಲಿ ಏಪ್ರಿಲ್ 1ಕ್ಕೆ ಒಂದೇ ದಿನ ಶುರು ಮಾಡೋಣ. ಇಡೀ ರಾಜ್ಯದ ಪಹಣಿಯನ್ನೇ ಕಂಪ್ಯೂಟರಿಗೆ ಹಾಕಿದ ಭೂಮಿ ಯೋಜನೆಯಂತೆ ಧೈರ್ಯ ತೋರೋಣ.

ಈ ಉದಾಹರಣೆ ಕೊಟ್ಟಿದ್ದಕ್ಕೆ ನಾನು ಅವರಿಗೆ ಕೃತಜ್ಞ. ಭೂಮಿ ಯೋಜನೆ ಅವರ ವಾದದ ಒಂದೊಂದು ಸಾಲಿಗೂ ವಿರುದ್ಧ ಸಾಕ್ಷಿ ನುಡಿಯುತ್ತದೆ. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ, ಕೇಂದ್ರ ಸರ್ಕಾರದ ಎನ್‌ಐಸಿ ಬರೆದ ತಂತ್ರಾಂಶದಿಂದ, 2001ರ ಹೊತ್ತಿಗೆ ಸುಮಾರು 2 ಕೋಟಿ ಪಹಣಿಗಳು, ಸುಮಾರು 67 ಲಕ್ಷ ರೈತರ ದಾಖಲೆಗಳು ಕಂಪ್ಯೂಟರಿಗೆ ಬಂದವು. ಒಂದೇ ದಿನದಲ್ಲಿ ಬಂದವೇ? ಮೊದಲು ಕೆಲವೇ ತಾಲ್ಲೂಕುಗಳಲ್ಲಿ ಮಾಡಿ ನೋಡಿದರು, ಆಮೇಲೆ ಉಳಿದವಕ್ಕೆ ಹೋದರು. ಕೈಬರಹದ ಪಹಣಿ ಇನ್ನು ಸಲ್ಲದು ಎಂಬ ಅಧಿಸೂಚನೆಯನ್ನೂ ತಾಲ್ಲೂಕಿಗೆ ತಾಲ್ಲೂಕು, ಆಯಾ ಕಡೆ ಸಿದ್ಧವಾದ ಮೇಲೆಯೇ ಹೊರಡಿಸಿದರು. ನಂಬಬಹುದಾದ ಸಂಪರ್ಕ ಆಗ ಇರಲಿಲ್ಲ, ಆದ್ದರಿಂದ ತಾಲ್ಲೂಕಿಗೊಂದು ಸರ್ವರ್ ಇಟ್ಟರು. ತಂತಿ ಇಲ್ಲ ಎಂದು ಕೈ ಚೆಲ್ಲಲಿಲ್ಲ, ತಂತಿ ಇಲ್ಲದಿರುವುದಕ್ಕೆ ತಕ್ಕ ನಕ್ಷೆ ಬರೆದರು. ತುಂಬಿಸಿದ ದಾಖಲೆಗಳನ್ನು ಗ್ರಾಮಲೆಕ್ಕಿಗರ ಕೈಗೆ ಕೊಟ್ಟು ತಾಳೆ ನೋಡಿಸಿದರು. ಬದಲಾವಣೆ ಮಾಡುವ ನೌಕರರು ಬೆರಳಚ್ಚು ಕೊಟ್ಟೇ ಒಳಹೋಗಬೇಕು ಎಂಬುದನ್ನು ಮೊದಲೇ ನಿರ್ಧರಿಸಿದ್ದರು. 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿದ್ದ ನಮ್ಮ ಭಾಗದಲ್ಲಿ ಹಳೆಯ ಜಮೀನು ದಾಖಲೆ ಉರ್ದುವಿನಲ್ಲಿರುವುದು ಸಾಮಾನ್ಯ. ಅಂಥ ಹಿನ್ನೆಲೆಯ ರಾಯಚೂರು, ದೇವದುರ್ಗ, ಮಾನ್ವಿಗಳಲ್ಲೂ ಪಹಣಿ ಇಂದು ಕಂಪ್ಯೂಟರಿನಿಂದ ಬರುತ್ತಿದ್ದರೆ ಅದು ಸಿದ್ಧತೆಯ ಫಲ. ವಿರೋಧಿಗಳು ಭೂಮಿಯ ಧೈರ್ಯವನ್ನು ಹೊಗಳಿದ್ದಾರೆ, ಆ ಧೈರ್ಯಕ್ಕೆ ಆಧಾರವಾದ ಕೆಲಸವನ್ನು ಬಿಟ್ಟಿದ್ದಾರೆ.

ಒಂದೇ ಸಲಕ್ಕೆ ಹಾರಿದವರ ಕಥೆಯೂ ದಾಖಲಾಗಿದೆ. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕು 2018ರ ಏಪ್ರಿಲಿನ ಒಂದು ವಾರಾಂತ್ಯದಲ್ಲಿ 50 ಲಕ್ಷಕ್ಕೂ ಹೆಚ್ಚು ಗ್ರಾಹಕರ ಲೆಕ್ಕವನ್ನು ಹೊಸ ವ್ಯವಸ್ಥೆಗೆ ಸಾಗಿಸಿತು. ಸೋಮವಾರ ಲಕ್ಷಾಂತರ ಜನ ತಮ್ಮದೇ ಖಾತೆಯ ಹೊರಗೆ ನಿಂತಿದ್ದರು. ಎಲ್ಲ ಸರಿಹೋಗಲು ಡಿಸೆಂಬರ್ ಬಂತು. 2022ರಲ್ಲಿ ಅಲ್ಲಿನ ನಿಯಂತ್ರಕರು ವಿಧಿಸಿದ ದಂಡ ಸುಮಾರು 4.87 ಕೋಟಿ ಪೌಂಡ್. ನಮ್ಮ ಸಂಘಕ್ಕಿಂತ ಸಾವಿರಾರು ಪಾಲು ಹಣ, ಜನ, ಅನುಭವ ಇದ್ದ ಬ್ಯಾಂಕು ಅದು. ದಿನಾಂಕದ ಆಯ್ಕೆಯೂ ನೋಡಿ: ಮಾರ್ಚ್ 31ರ ರಾತ್ರಿ ವರ್ಷದ ಲೆಕ್ಕ ಮುಗಿಸಿ, ಕಣ್ಣು ಕೆಂಪಾದ ಸಿಬ್ಬಂದಿಯ ಕೈಗೆ ಮರುದಿನವೇ ಹೊಸ ಪರದೆ ಕೊಡಬೇಕಂತೆ. ನನ್ನ ಯೋಜನೆಯಲ್ಲಿ ಮೊದಲು ಮಾನ್ವಿ, ಎರಡು ವಾರ ಹಳೆಯದೂ ಹೊಸದೂ ಜೊತೆಜೊತೆಗೆ, ಎರಡರ ಲೆಕ್ಕ ಪ್ರತಿ ಸಂಜೆ ತಾಳೆಯಾದ ಮೇಲೆ ದೇವದುರ್ಗ, ಕೊನೆಗೆ ರಾಯಚೂರು. ಎಲ್ಲಿ ತಪ್ಪಿದರೂ ಹಳೆಯದಕ್ಕೆ ಮರಳುವ ದಾರಿ ಬರೆದಿಟ್ಟಿದೆ.

ಏಳೂ ವಾದಗಳನ್ನು ಒಟ್ಟಿಗಿಟ್ಟು ನೋಡಿದರೆ ಅವುಗಳಲ್ಲಿ ಸಮಾನವಾದದ್ದು ಒಂದೇ: ಆರು ವಾರ ಉಳಿಯುತ್ತದೆ ಎಂಬ ನಂಬಿಕೆ. ಉಳಿಯುವುದಿಲ್ಲ. ಲೆಕ್ಕದ ಆ ಬದಿಯಿಂದ ಈ ಬದಿಗೆ ಹೋಗುತ್ತದೆ, ಅಷ್ಟೇ. ಮೃಗಶಿರಾ ಮಳೆ ಬಿದ್ದಿದೆ, ಹತ್ತಿಬೀಜ ತರಬೇಕು. ಜಾಲಹಳ್ಳಿ ಕಡೆಯಿಂದ ಒಬ್ಬ ತಾಯಿ ಕೊರಳ ಸರ ಅಡವಿಡಲು ಬೆಳಗಿನ ಬಸ್ಸಿಗೆ ದೇವದುರ್ಗಕ್ಕೆ ಬರುತ್ತಾಳೆ. ಕೌಂಟರಿನವನು ಪರದೆ ನೋಡಿ, ಸರ್ವರ್ ಡೌನ್ ಐತಿ, ನಾಳೆ ಬರ್ರಿ ಅವ್ವಾ ಅನ್ನುತ್ತಾನೆ. ಒಂದು ದಿನದ ಕೂಲಿ ಹೋಯಿತು, ಬಸ್ಸಿನ ಚಾರ್ಜು ಹೋಯಿತು, ಹಸಿ ಆರುವ ಮುನ್ನ ಬಿತ್ತುವ ಒಂದು ದಿನವೂ ಹೋಯಿತು. ಸಭೆಯಲ್ಲಿ ನಾವು ಉಳಿಸಿದೆವು ಎಂದುಕೊಂಡ ವಾರಗಳು ಅವಳ ಖಾತೆಗೆ ಖರ್ಚು ಬೀಳುತ್ತವೆ, ಅವಳ ಸಹಿ ಇಲ್ಲದೆ.

ನಾನು ಕೇಳುತ್ತಿರುವ ಆರು ವಾರದ ಸಂಬಳ, ಬಾಡಿಗೆ, ಓಡಾಟ ಎಲ್ಲವೂ ಸಂಘದ ಪುಸ್ತಕದಲ್ಲಿ ಬರೆದಿರುತ್ತದೆ, ಮಹಾಸಭೆಯಲ್ಲಿ ಯಾರು ಬೇಕಾದರೂ ಎದ್ದು ನಿಂತು ಪ್ರಶ್ನಿಸಬಹುದು. ವಿರೋಧಿಗಳು ಉಳಿಸುವ ಆರು ವಾರ ಯಾವ ಪುಸ್ತಕದಲ್ಲೂ ಇರುವುದಿಲ್ಲ. ಯಾವ ಖರ್ಚನ್ನು ಒಪ್ಪಬೇಕು ಎಂಬುದನ್ನು ಸದಸ್ಯರು ನಿರ್ಧರಿಸಲಿ. ಸಂಘ ಅವರದು, ಹಣ ಅವರದು.